ಸುಟ್ಟ ತುದಿ

ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು.

ಸ್ವಾತಿ ಒಣಗಿದ ಮುಳಿಹುಲ್ಲನ್ನು ಎರಡೂ ಕೈಯಿಂದ ಸರಿಸಿದಳು. ಕಂಬದ ಬುಡದ ಕಾಂಕ್ರೀಟಿನಲ್ಲಿ ಹುಗಿದ ಕಬ್ಬಿಣದ ಬಳೆ. ಬಳೆಗೆ ಬಿಗಿದು ಕಟ್ಟಿದ ಒಂದು ಗೇಣು ಹಗ್ಗ. ನೀಲಿ ನೈಲಾನು, ನಡುವೆ ಒಂದು ಕೆಂಪು ಎಳೆ.

ಜಿತೇಂದ್ರನ ಹಗ್ಗ.

ಹವಾಮಾನ ಕೇಂದ್ರದ ಕೆಲಸದಲ್ಲಿ ಅವಳ ಜೊತೆಗಿದ್ದ ಜಿತೇಂದ್ರ ಕಳೆದ ತಿಂಗಳು ಇದೇ ಕಂಬದಿಂದ ಕಮರಿಗೆ ಬಿದ್ದು ಸತ್ತಿದ್ದ. ಅವನನ್ನು ಕೊಂದ ಸಂಶಯದ ಮೇಲೆ ಅವಳ ತಮ್ಮ ರತೀಶ ಜೈಲಿನಲ್ಲಿದ್ದ.

ಹೆಣದ ಸೊಂಟದಲ್ಲಿದ್ದ ಹಗ್ಗವನ್ನು ಪೊಲೀಸರು ಒಯ್ದಿದ್ದರು. ಅದರ ತುದಿ ಬಂಡೆಗಳಿಗೆ ಉಜ್ಜಿ ತೆಂಗಿನ ನಾರಿನ ಹಾಗೆ ಕೆದರಿತ್ತು. ಹರಿದದ್ದೋ ಕೊಯ್ದದ್ದೋ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಮಹಜರು ನಡೆದದ್ದು ಕಮರಿಯ ತಳದಲ್ಲಿ. ಮೇಲೆ ಹತ್ತಿದವರು ಕಂಬದ ಫೋಟೋ ತೆಗೆದು ಇಳಿದಿದ್ದರು. ಹುಲ್ಲಿನೊಳಗಿನ ಈ ತುಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸ್ವಾತಿ ತುಂಡಿನ ತುದಿಯನ್ನು ಬೆರಳಲ್ಲಿ ಸವರಿದಳು. ಎಳೆ ಬಿಚ್ಚಿರಲಿಲ್ಲ. ಕರಗಿ, ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿತ್ತು.

ಅವಳು ಮತ್ತೊಮ್ಮೆ ಸವರಿದಳು.

ತಾನಾಗಿ ಹರಿದ ಹಗ್ಗದ ತುದಿ ಹೀಗಿರುವುದಿಲ್ಲ. ಕತ್ತಿಯಿಂದ ಕೊಯ್ದು, ಕೊಯ್ದಲ್ಲಿಗೆ ಬೆಂಕಿ ತಾಗಿಸಿ ಅದುಮಿದರೆ ಮಾತ್ರ ಹೀಗಾಗುತ್ತದೆ. ಉಪ್ಪುಂದದ ಕಡಲಬದಿಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಡದೆ ಬಿಟ್ಟರೆ ನೈಲಾನಿನ ಎಳೆ ಬಿಚ್ಚುತ್ತಾ ಹೋಗಿ ಬಲೆಯೇ ಹಾಳು. ಹಾಗಾಗಿ ಬಲೆಯವರ ಕೈ ಹಗ್ಗ ಕೊಯ್ದ ಕೂಡಲೇ ಬೆಂಕಿಪೊಟ್ಟಣ ಹುಡುಕುತ್ತದೆ. ಚಪ್ಪರದ ಹಗ್ಗವಾದರೂ ಅಷ್ಟೆ, ಎಮ್ಮೆಯ ಹಗ್ಗವಾದರೂ ಅಷ್ಟೆ. ಅಜ್ಜ ತೀರಿಕೊಂಡಾಗ ಚಟ್ಟಕ್ಕೆ ಬಿಗಿದ ನೈಲಾನಿನ ತುದಿಯನ್ನು ಅಪ್ಪಯ್ಯ ಅಳುತ್ತಲೇ ಸುಟ್ಟು ಹೊಸೆದಿದ್ದ. ಹೆಂಗಸರು ಅಳು ನಿಲ್ಲಿಸಿ ಅವನಿಗೆ ಬೈದಿದ್ದರು. "ಇದ್ ಸುಡುಗಾಡಿಗ್ ಹೋಪ ಹಗ್ಗ ಮರಾಯ, ನಾಳೆ ದೋಣಿಗ್ ಬೇಕಾ ನಿಂಗೆ?"

ಜಿತೇಂದ್ರ ಬಿದ್ದ ಮೇಲೆ, ಅವನ ಕೂಗು ಕಮರಿಯಲ್ಲಿ ಅಡಗಿದ ಮೇಲೆ, ಯಾರೋ ಇಲ್ಲಿ ಕುಳಿತು ಹಗ್ಗದ ತುದಿ ಸುಟ್ಟಿದ್ದರು. ಬೇಕೆಂದಲ್ಲ. ಕೈಯ ರೂಢಿ.

ಗಾಳಿಬರೆ ಗುಡ್ಡದ ಈ ನೆತ್ತಿಗೆ ಹತ್ತಿ ಇಳಿಯುವವರಲ್ಲಿ ಬಲೆ ಕಟ್ಟುವವನು ಒಬ್ಬನೇ. ಸಿಮೆಂಟು, ಬ್ಯಾಟರಿ ಹೊರಲು ಬರುತ್ತಿದ್ದ ರತೀಶ.

ಸಬ್ ಇನ್‌ಸ್ಪೆಕ್ಟರ್ ಗುಣಪಾಲ ಮೊನ್ನೆ ಮುಖ ನೋಡಿಯೇ ಹೇಳಿದ್ದರು. "ನಿನ್ನ ತಮ್ಮ ಅವತ್ತು ಕಾಡಿನ ಗೇಟಿನ ಹತ್ತಿರ ಜಿತೇಂದ್ರನ ಜೊತೆ ಜಗಳ ಆಡಿದ್ದಾನೆ. ಕೇಂದ್ರದ ಬ್ಯಾಟರಿ ನಿಮ್ಮ ದೋಣಿಯಲ್ಲಿ ಸಿಕ್ಕಿದೆ. ಈಗ ಉಳಿದದ್ದು ಒಂದೇ ಪ್ರಶ್ನೆ. ಹಗ್ಗ ತಾನಾಗಿ ಹರಿದದ್ದಾದರೆ ಅವನು ಮನೆಗೆ ಬರುತ್ತಾನೆ. ಕೊಯ್ದದ್ದಾದರೆ ಬರುವುದಿಲ್ಲ."

ಕೊಯ್ದದ್ದೇ. ಉತ್ತರ ಈಗ ಅವಳ ಎರಡು ಬೆರಳಿನ ನಡುವೆ ಇತ್ತು.

ಅವಳು ಯೋಚಿಸಲಿಲ್ಲ. ಗಂಟಿಗೆ ಹಲ್ಲು ಹಾಕಿದಳು. ಒಸಡಿಗೆ ನೈಲಾನು ಚುಚ್ಚಿ ಬಾಯಲ್ಲಿ ರಕ್ತದ ರುಚಿ ಬಂತು. ಗಂಟು ಸಡಿಲವಾದದ್ದೇ ತುಂಡನ್ನು ಮಡಚಿ ಪ್ಯಾಂಟಿನ ಕಿಸೆಗೆ ತುರುಕಿದಳು.

"ಹ್ವಾಯ್ ಸ್ವಾತೀ! ಎಂತ ಹುಡುಕ್ತಾ ಇದ್ದೆ ಹುಲ್ಲಂಗೆ?"

ರವಿಚಂದ್ರ ಕಡಿದಾದ ಬರೆಯ ಅಂಚಿನಲ್ಲಿ ತಲೆ ಎತ್ತಿದ್ದ. ಒಂದು ಹೆಗಲಲ್ಲಿ ಬ್ಯಾಟರಿಯ ಚೀಲ, ಇನ್ನೊಂದರಲ್ಲಿ ಹೊಸ ಹಗ್ಗದ ಸುರುಳಿ. ಘಟ್ಟದ ಮೇಲಿನ ಹವಾಮಾನ ಕೇಂದ್ರಗಳನ್ನೆಲ್ಲ ನೋಡಿಕೊಳ್ಳುವ ಗುತ್ತಿಗೆ ಅವನದು. ಬ್ರಹ್ಮಾವರದಲ್ಲಿ ಗದ್ದೆ, ಅಕ್ಕಿ ಮಿಲ್ಲು ಇರುವ ಮನೆಯವನು. ನಲವತ್ತು ದಾಟಿದರೂ ಏದುಸಿರು ಇರಲಿಲ್ಲ.

"ಎಂತ ಇಲ್ಲೆ ಸರ್. ಉಣ್ಣಿ ಹತ್ತಿತ್ತ್ ಕಾಲಿಗೆ."

"ಎಣ್ಣೆ ಹಚ್ಕಣ್ಲಿಲ್ಯಾ? ಮಂಗನ ಕಾಯ್ಲೆ ಹಿಡ್ಕಂಡ್ರೆ ನಿನ್ ಅಬ್ಬಿ ನನ್ನ್ ಬಿಡುದಿಲ್ಲೆ. ಮೊದ್ಲೇ ಮಗನ್ನ ನಾನೇ ಜೈಲಿಗ್ ಕಳ್ಸಿದ್ ಅಂಬಂಗ್ ಕಾಣ್ತ್ರ್ ನನ್ನ."

"ಹಾಂಗೆಲ್ಲ ಇಲ್ಲೆ ಸರ್."

ಇರಲೂ ಇಲ್ಲ. ರತೀಶನಿಗೆ ವಕೀಲರನ್ನು ಹುಡುಕಿದ್ದು ರವಿಚಂದ್ರನೇ. ಠಾಣೆಯ ಬೆಂಚಿನಲ್ಲಿ ತಾಯಿಯ ಪಕ್ಕ ಅರ್ಧ ದಿನ ಕುಳಿತವನೂ ಅವನೇ.

"ಕಿಟ್ಟಣ್ಣ ಎಲ್ಲಿ?" ಸ್ವಾತಿ ಕೇಳಿದಳು. ಅವರ ಜೊತೆ ಹೋಗಿ ಕಣ್ಣಿಡು ಎಂದು ಗುಣಪಾಲ ಕಳಿಸಿದ ಕಾನ್‌ಸ್ಟೇಬಲ್ ಕಿಟ್ಟಣ್ಣ.

"ಹಳ್ಳದ್ ಹತ್ರವೇ ಕೂಕಂಡ್ರ್. ಈ ಬರೆ ಕಂಡದ್ದೇ ಅವ್ರಿಗ್ ಮಂಡಿ ನೋವ್ ಶುರು ಆಯ್ತ್. ಬುತ್ತಿ ಬಿಚ್ಚುಕೆ ಮಾತ್ರ ಎಂತ ನೋವೂ ಇಲ್ಲೆ. ಹೊತ್ಕಂಡ್ ಬಪ್ಪುಕೆ ನಾ ಎಂತ ಕಾಟಿಯಾ?"

ಸ್ವಾತಿ ನಗಲು ನೋಡಿದಳು. ಹಳ್ಳ ಇಲ್ಲಿಂದ ಒಂದು ತಾಸಿನ ಇಳಿಜಾರು, ದಟ್ಟ ಕಾಡಿನೊಳಗೆ. ಅಲ್ಲಿ ಮೊಬೈಲಿಗೆ ಸಿಗ್ನಲ್ಲೂ ಇರಲಿಲ್ಲ.

"ನೀವ್ ಸುಸ್ತಾಯ್ಲಿಲ್ಯಾ ಸರ್?"

"ಎರಡ್ ಮಳೆಗಾಲ ಆಯ್ತ್ ಈ ಗುಡ್ಡೆಗೆ ಕಾಲ್ ಇಡದೆ. ನಾಳೆ ಬೆಳಿಗ್ಗೆ ಗೊತ್ತಾತ್ತ್ ಸುಸ್ತ್."

ಅವಳ ಕೈ ಕಿಸೆಯ ಮೇಲೆಯೇ ಇತ್ತು. ಇವರಿಗೆ ಹೇಳಲೇ? ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯ ತುಂಡನ್ನು ಸೀದಾ ಗುಣಪಾಲರ ಮೇಜಿನ ಮೇಲಿಡುತ್ತಾನೆ. ಅವಳು ಕೈ ತೆಗೆದು ಕೆಲಸಕ್ಕೆ ಬಗ್ಗಿದಳು.

ಕೇಂದ್ರವೆಂದರೆ ಹೆಸರಿಗೆ. ಕಮರಿಯ ಅಂಚಿನಲ್ಲಿ ಒಂದು ಕಬ್ಬಿಣದ ಕಂಬ, ಅದರ ತಲೆಯ ಮೇಲೆ ಗಾಳಿಗೆ ತಿರುಗುವ ಮೂರು ಬಟ್ಟಲು, ಬಿಸಿಲಿನ ಫಲಕ, ಬುಡದಲ್ಲಿ ಒಂದು ಬಿಳಿ ಪೆಟ್ಟಿಗೆ. ಮನುಷ್ಯರು ಇರುವುದಿಲ್ಲ. ಯಂತ್ರ ತಾನೇ ಮಳೆ ಗಾಳಿ ಅಳೆದು, ಒಳಗಿನ ಸಿಮ್ಮಿನಿಂದ ಕುಂದಾಪುರದ ಆಫೀಸಿಗೆ ಕಳಿಸುತ್ತದೆ. ಸುತ್ತಿನ ಗುಡ್ಡಗಳಲ್ಲಿ ಸಿಗ್ನಲ್ ಸಿಗುವುದು ಈ ಅಂಚಿನಲ್ಲಿ ಮಾತ್ರ. ಅದಕ್ಕೇ ಇಲ್ಲಿ.

ಗಾಳಿಬರೆಯ ಮಳೆಗೆ ಲೆಕ್ಕವಿಲ್ಲ. ಈ ಹೆಗಲಿನ ಮೇಲೆ ಧೋ ಎಂದು ಸುರಿಯುತ್ತಿದ್ದರೆ ಆಚೆ ಹೆಗಲಲ್ಲಿ ಬಿಸಿಲು. ನಡುವೆ ನಿಂತವನಿಗೂ ತಿಳಿಯುವುದಿಲ್ಲ. ಕೆಳಗಿನ ಊರವರಿಗೆ ಗೊತ್ತಾಗುವುದು ಹೊಳೆ ಕೆಂಪಗೆ ಬಂದ ಮೇಲೆ. ಜಿತೇಂದ್ರ ಸತ್ತ ದಿನದಿಂದ ಯಂತ್ರ ಮೂಕವಾಗಿತ್ತು. ಅದನ್ನು ಎಬ್ಬಿಸಲು ಗೊತ್ತಿದ್ದವಳು ಈಗ ಸ್ವಾತಿ ಒಬ್ಬಳೇ.

ಅವಳು ಹೊಸ ಬ್ಯಾಟರಿ ಜೋಡಿಸಿದಳು. ಪೆಟ್ಟಿಗೆಯೊಳಗೆ ಹಸಿರು ದೀಪ ಮಿನುಗಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು.

"ಹೋತಾ ಇತ್ತಾ?" ರವಿಚಂದ್ರ ಬಗ್ಗಿ ನೋಡಿದ.

"ಹೋತಾ ಇತ್ತ್ ಸರ್. ಕುಂದಾಪ್ರದ ಆಫೀಸಂಗೆ ಧನ್ಯಶ್ರೀ ಕಾಂತಾ ಇಪ್ಪುಳ್."

"ಹಾಂಗಾರೆ ಮೇಲಿಂದ್ ಒಂದ್ ಮಾಡಿ ಮುಗ್ಸ್. ಮಳೆಮಾಪಕದಂಗೆ ಕಣಜ ಗೂಡ್ ಕಟ್ಟಿರ್ತ್. ಜೀವ ಇಪ್ಪತಿಗೆ ಜಿತೇಂದ್ರನೇ ಹೇಳ್ತಿದ್ದ."

ಮಳೆಮಾಪಕ ನೆಲದಲ್ಲಿರಬೇಕಾದ ವಸ್ತು. ಆದರೆ ಇಲ್ಲಿ ಕಾಟಿಗಳೆನ್ನುವ ಕಾಡುಕೋಣಗಳು ಮೈ ಉಜ್ಜಿ ಅದನ್ನು ಕೆಡವಿ ಹಾಕುತ್ತಿದ್ದವು. ಬೇಸತ್ತು ಅದನ್ನೂ ಕಂಬದ ತುದಿಗೆ, ಕಮರಿಯ ಬದಿಗೆ ಚಾಚಿದ ಕಬ್ಬಿಣದ ತೋಳಿನ ಮೇಲೆ ಕೂರಿಸಿದ್ದರು. ಹತ್ತುವುದು ಯಾವಾಗಲೂ ಜಿತೇಂದ್ರನ ಕೆಲಸ, ಪೆಟ್ಟಿಗೆ ಸ್ವಾತಿಯದು.

"ನಾ ಹತ್ತುಕಾ?"

"ಮತ್ತೆ ನಾನಾ? ನಂಗೆ ಬಿಚ್ಚುಕೆ ಗೊತ್ತಿತ್ತಾ, ಜೋಡ್ಸುಕೆ ಗೊತ್ತಿತ್ತಾ? ಹೆದ್ರಬೇಡ. ಹೊಸ ಹಗ್ಗ. ನಾ ಹಿಡ್ಕಂಡ್ ನಿಂತ್ಕಂತೆ."

ಅವಳು ಮೊಬೈಲನ್ನು ತನ್ನ ಚೀಲದಲ್ಲಿ ಇಟ್ಟಳು. ಬಗ್ಗಿದಾಗ ಜಾರಿ ಬಿದ್ದೀತೆಂದು. ಸೊಂಟಕ್ಕೆ ಹಗ್ಗ ಬಿಗಿದಳು. ರವಿಚಂದ್ರ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ.

ವಿಧಾನ ಬಾವಿಯ ರಾಟೆಯಷ್ಟೇ ಸರಳ. ಹತ್ತುವವನ ಸೊಂಟದಿಂದ ಹೋದ ಹಗ್ಗ ಕಂಬದ ತಲೆಯಲ್ಲಿರುವ ರಾಟೆಯ ಮೇಲೆ ಹಾದು, ಕೆಳಗಿಳಿದು, ಬುಡದ ಬಳೆಗೆ ಕಟ್ಟಿಸಿಕೊಳ್ಳುತ್ತದೆ. ಮೇಲೆ ಎರಡೂ ಕೈ ಬಿಟ್ಟು ಕೆಲಸ ಮಾಡಬೇಕು. ಆಗ ಮೈಯ ಭಾರವೆಲ್ಲ ಹಗ್ಗದ ಮೇಲೆ. ಹಿಂದೆ ಬೆನ್ನಿಗೆ ಕಮರಿ.

ಸ್ವಾತಿ ಹತ್ತಿದಳು. ಒಂದೊಂದು ಮೆಟ್ಟಿಲ ಸರಳಿಗೂ ಕೈ ಬೆವರುತ್ತಿತ್ತು. ಅರ್ಧ ದಾರಿಯಲ್ಲಿ ಗಾಳಿ ಹೊಡೆಯಿತು. ಕಂಬ ಸಣ್ಣಗೆ ನಡುಗಿತು.

"ಕೆಳಗ್ ಕಾಣ್ಬೇಡ ಮರಾಯ್ತಿ!"

ಅವಳು ಕಂಡಳು. ಮುಳಿಹುಲ್ಲು ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಏನೂ ಇಲ್ಲ. ತುಂಬ ಕೆಳಗೆ ಕಾಡಿನ ತಲೆಗಳು ಎಲೆಕೋಸಿನ ಹಾಗೆ. ಅದರಾಚೆ ಡಿಸೆಂಬರಿನ ಬಿಸಿಲಲ್ಲಿ ನಾವುಂದದ ಕಡಲು ತಗಡಿನಂತೆ ಹೊಳೆಯುತ್ತಿತ್ತು. ಆಕಾಶ ತೊಳೆದಿಟ್ಟಂತಿತ್ತು. ಜಿತೇಂದ್ರ ಕೊನೆಗೆ ನೋಡಿದ್ದು ಇದನ್ನೇ.

ತುದಿ ಮುಟ್ಟಿದಾಗ ಕಾಲನ್ನು ಸರಳಿಗೆ ಊರಿ, ಉಸಿರು ಬಿಗಿಹಿಡಿದು, ಹಗ್ಗಕ್ಕೆ ಒರಗಿದಳು. ಹಗ್ಗ ತಡೆಯಿತು.

"ಕಟ್ಟಿದೆ ಕಾಣ್ ಬಳೆಗೆ," ಕೆಳಗಿನಿಂದ ಕೂಗು. "ಇನ್ನ್ ಕೈ ಬಿಡ್."

ಅವಳು ಕೈ ಬಿಟ್ಟಳು. ಮಳೆಮಾಪಕದ ಮೇಲಿನ ಆಲಿಕೆಯ ತಿರುಪು ಬಿಚ್ಚತೊಡಗಿದಳು. ಕಣಜದ ಮಣ್ಣುಗೂಡು ಇತ್ತು, ಖಾಲಿ. ಉಗುರಲ್ಲಿ ಕೆರೆದು ತೆಗೆದಳು.

ಬುಡದಲ್ಲಿ ಏನೋ ಮಿಂಚಿತು.

ರವಿಚಂದ್ರನ ಕೈಯಲ್ಲಿ ಕತ್ತಿ ಇತ್ತು. ಮಡಚುವ ಚಿಕ್ಕ ಕತ್ತಿ. ಇನ್ನೊಂದು ಕೈಯಲ್ಲಿ ಅವಳ ಹಗ್ಗ.

ಅವಳು ಎರಡೂ ತೋಳಿಂದ ಕಂಬವನ್ನು ತಬ್ಬಿದಳು. ಕೆನ್ನೆ ಕಬ್ಬಿಣಕ್ಕೆ ಬಡಿಯಿತು.

"ಎಂತ ಆಯ್ತ್?"

"ಸರ್... ಹಗ್ಗ!"

"ಇದಾ? ಗಂಟಿನಿಂದ ಆಚಿಗ್ ಉಳ್ದದ್ದ್. ಕಾಲಿಗ್ ಸುತ್ಕಂತ್. ತೆಗುದ್ ಅಷ್ಟೆ."

ಹೌದು. ಬಳೆಗೆ ಕಟ್ಟಿದ ಗಂಟು ಹಾಗೆಯೇ ಇತ್ತು. ಗಂಟು ದಾಟಿ ಉಳಿದ ಸುರುಳಿಯನ್ನು ಅವನು ಕೊಯ್ದಿದ್ದ. ಸ್ವಾತಿ ಉಸಿರು ಬಿಟ್ಟಳು. ತನ್ನ ಹೆದರಿಕೆಗೆ ತನಗೇ ಅಸಹ್ಯವಾಯಿತು.

ಆಗ ಅವನು ಕಿಸೆಯಿಂದ ಲೈಟರ್ ತೆಗೆದ.

ಬೀಡಿ ಸಿಗರೇಟು ಮುಟ್ಟದ ಮನುಷ್ಯ. ಗಾಳಿಗೆ ಬೆನ್ನು ಕೊಟ್ಟು, ಅಂಗೈ ಮರೆ ಮಾಡಿ, ಕೊಯ್ದ ತುದಿಗೆ ಬೆಂಕಿ ಹಿಡಿದ. ತುದಿ ಕರಗಿ ಹೊಗೆಯಾಡಿತು. ಅದನ್ನು ಕಾಂಕ್ರೀಟಿನ ಮೇಲಿಟ್ಟು ಲೈಟರಿನ ತಳದಿಂದ ಒಮ್ಮೆ ಒತ್ತಿದ. ಇನ್ನೊಂದು ತುದಿಗೂ ಹಾಗೆಯೇ ಮಾಡಿದ. ಅಷ್ಟೂ ಹೊತ್ತು ಅವನ ಕಣ್ಣು ಹಗ್ಗದ ಮೇಲೆ ಇರಲಿಲ್ಲ. ಕಡಲ ಕಡೆ ನೋಡುತ್ತಿದ್ದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಸ್ವಾತಿ ಅವನ ಕೈಯನ್ನೇ ನೋಡಿದಳು.

ಕಂಬದ ಮರೆಯಲ್ಲಿ ಕಿಸೆಗೆ ಕೈ ಹಾಕಿದಳು. ತುಂಡನ್ನು ಅರ್ಧ ಎಳೆದು ತುದಿಯನ್ನು ಬೆಳಕಿಗೆ ಹಿಡಿದಳು. ಕೆಳಗೆ ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ, ಬರೀ ಸವರಿದ್ದಳು.

ರತೀಶ ಉಗುಳು ಹಚ್ಚಿದ ಹೆಬ್ಬೆರಳಲ್ಲಿ ಹೊಸೆಯುತ್ತಾನೆ. ಅಪ್ಪಯ್ಯನಿಂದ ಬಂದ ಕ್ರಮ. ಅವರ ದೋಣಿಯ ಯಾವ ಹಗ್ಗ ಹಿಡಿದರೂ ತುದಿ ಕಾಳುಮೆಣಸಿನ ಹಾಗೆ ಉರುಟು.

ಈ ತುದಿ ಚಪ್ಪಟೆಯಾಗಿತ್ತು. ಚಪ್ಪಟೆಯ ಮೇಲೆ ಸಣ್ಣ ಸಣ್ಣ ಚೌಕಗಳ ಅಚ್ಚು, ಲೈಟರಿನ ತಳದಲ್ಲಿರುವಂಥದು.

ರತೀಶನಲ್ಲ.

ಒಂದು ಕ್ಷಣ ಅವಳಿಗೆ ಅಳು ಬರುವಷ್ಟು ಹಗುರವಾಯಿತು. ಮರುಕ್ಷಣ ತಾನೆಲ್ಲಿದ್ದೇನೆ, ತನ್ನ ಹಗ್ಗದ ಬುಡದಲ್ಲಿ ಯಾರಿದ್ದಾನೆ ಎಂಬುದು ನೆನಪಾಯಿತು. ಕಾಲ ಬೆರಳುಗಳು ಬೂಟಿನೊಳಗೆ ಸರಳನ್ನು ಹಿಡಿಯಲು ಹೆಣಗಿದವು.

"ಮುಗೀತಾ?"

"ಆತಾ ಇತ್ತ್ ಸರ್." ಸುಮ್ಮನಿರಲಾರದೆ ಕೇಳಿದಳು. "ಹಗ್ಗ ಸುಡುದ್ ಎಲ್ಲಿ ಕಲ್ತದ್ದ್ ಸರ್? ನೀವ್ ಗದ್ದೆ ಬದಿಯವ್ರಲ್ದಾ?"

"ಯಂತ ಸುಡುದ್?" ಅವನು ಕೈಯಲ್ಲಿದ್ದ ಸುರುಳಿಯನ್ನು ಈಗಷ್ಟೇ ಕಂಡವನಂತೆ ನೋಡಿದ. ನಕ್ಕ. "ಓ ಇದ್. ಬೊಂಬೈಯಂಗೆ. ಅಪ್ಪನತ್ರ ಜಗಳ ಮಾಡಿ ಓಡಿ ಹೋಯಿದ್ದೆ ಸಣ್ಣಕ್ ಇಪ್ಪತಿಗೆ. ಸಸೂನ್ ಡಾಕಂಗೆ ಬೋಟಿನವ್ರ್ ಕೈಕೆಳಗ್ ಇದ್ದಿದ್ದೆ. ಊರಂಗ್ ಯಾರಿಗೂ ಗೊತ್ತಿಲ್ಲೆ ಅದ್. ಮಿಲ್ಲಿನ ಧಣಿ ಮಗ ಮೀನ್ ಹೊತ್ತ ಅಂದ್ರೆ ಮರ್ಯಾದಿ ಇತ್ತಾ?"

ನಗು ಮೆಲ್ಲಗೆ ನಿಂತಿತು. ಅವನು ಸುರುಳಿಯ ತುದಿಯನ್ನೇ ನೋಡುತ್ತಿದ್ದ. ಆಮೇಲೆ ಬಳೆಯನ್ನು ನೋಡಿದ. ಬಗ್ಗಿ ಹುಲ್ಲು ಸರಿಸಿದ. ಬಳೆಯ ಸುತ್ತ ಕೈಯಾಡಿಸಿದ.

ಸ್ವಾತಿ ನೋಡುತ್ತಿದ್ದಳು. ಹುಡುಕುವ ಕೈ ಅವಳಿಗೆ ಗೊತ್ತಿತ್ತು.

ಕಿಟ್ಟಣ್ಣನಿಗೆ ಕೂಗಿದರೆ ಕೇಳುವುದಿಲ್ಲ. ಮೊಬೈಲು ಅವನ ಹೆಗಲಲ್ಲಿ. ಈ ಗುಡ್ಡದಿಂದ ಕುಂದಾಪುರದ ತನಕ ಮಾತು ಒಯ್ಯಬಲ್ಲದ್ದು ಒಂದೇ, ಅವಳೀಗ ಎಬ್ಬಿಸಿದ ಯಂತ್ರ. ಅದಕ್ಕೆ ಗೊತ್ತಿರುವ ಮಾತು ಮಳೆ ಮಾತ್ರ.

ಅವಳು ಆಲಿಕೆಯನ್ನು ಎತ್ತಿದಳು. ಒಳಗೆ ಎರಡು ಪುಟ್ಟ ಬಟ್ಟಲು, ಮಕ್ಕಳ ಏತದಾಟದ ಹಲಗೆಯ ಹಾಗೆ. ಒಂದು ತುಂಬಿದರೆ ಆ ಬದಿಗೆ ಮಗುಚುತ್ತದೆ, ಇನ್ನೊಂದು ಮೇಲೇಳುತ್ತದೆ. ಪ್ರತಿ ಮಗುಚಿಗೆ ಇಷ್ಟು ಮಳೆ ಎಂದು ಪೆಟ್ಟಿಗೆ ಬರೆದುಕೊಳ್ಳುತ್ತದೆ. ಅವಳು ಬೆರಳಿಂದ ಮಗುಚಿದಳು. ಟಕ್. ಈ ಬದಿಗೆ. ಟಕ್. ಆ ಬದಿಗೆ. ಟಕ್ ಟಕ್ ಟಕ್.

ಡಿಸೆಂಬರಿನಲ್ಲಿ ಮಳೆ. ಧನ್ಯಶ್ರೀ ಪರದೆ ನೋಡುತ್ತಾಳೆ. ಏನೋ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ಗುಣಪಾಲರಿಗೆ ಹೇಳುತ್ತಾಳೆ. ಹೇಳಬೇಕು.

"ಸ್ವಾತಿ."

ಈ ಸಲ ಕೂಗಲಿಲ್ಲ. ಗಾಳಿ ಬಿದ್ದಿತ್ತು, ಮೆಲುದನಿಯೂ ಮೇಲೆ ಬರುತ್ತಿತ್ತು.

"ಸರ್?"

"ಬಳೆಯಂಗೆ ಒಂದ್ ತುಂಡ್ ಹಗ್ಗ ಇದ್ದಿತ್ತ್. ಎಲ್ಲಿ ಹೋಯ್ತ್?"

ಎರಡು ಮಳೆಗಾಲದಿಂದ ಕಾಲಿಡದವನಿಗೆ ಅದು ಇದ್ದದ್ದು ಹೇಗೆ ಗೊತ್ತು? ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವನು ಮುಚ್ಚಿಡುವ ಕಷ್ಟ ತೆಗೆದುಕೊಳ್ಳಲೇ ಇಲ್ಲ.

"ನಂಗ್ ಗೊತ್ತಿಲ್ಲೆ ಸರ್."

"ಮರಾಯ್ತಿ, ಸುಳ್ಳ್ ಹೇಳುಕೆ ನಿಂಗ್ ಬತ್ತಿಲ್ಲೆ. ನಾ ಬಪ್ಪತಿಗೆ ನಿನ್ ತುಟಿಯಂಗ್ ನೆತ್ರ್ ಇದ್ದಿತ್ತ್. ಹಲ್ಲಂಗ್ ಬಿಚ್ಚಿದ್ದೆ. ನಾ ಇವತ್ ಹತ್ತಿ ಬಂದದ್ದೇ ಅದಕ್ಕೆ. ಮಾಡಿದ್ ದಿನ ಕೈ ನಡುಗಿ ಗಂಟ್ ಬಿಚ್ಚುಕೆ ಆಯ್ಲಿಲ್ಲೆ."

ಟಕ್. ಟಕ್. ಅವಳ ಬೆರಳು ನಿಲ್ಲಲಿಲ್ಲ.

"ಎಂತಕ್ ಸರ್?" ಅವಳು ಹೊತ್ತು ಕಳೆಯಲು ಕೇಳಿದಳು. "ಜಿತೇಂದ್ರ ನಿಮ್ಗ್ ಎಂತ ಮಾಡಿದ್ದ?"

"ಬ್ಯಾಟ್ರಿ ಬ್ಯಾಟ್ರಿ ಅಂತ ಪ್ರಾಣ ತೆಗೀತಿದ್ದ. ಹೊಸದೆಲ್ಲ ಬೋಟಿಗೆ ಮಾರಿ ಹಳೇದನ್ನ ಗುಡ್ಡೆಗ್ ಹೊರ್ಸ್ತ್ರಿ ಅಂದ. ಮೊನ್ನೆ ಮಳೆಗಾಲದಂಗೆ ಯಂತ್ರ ಸತ್ತದ್ದಕ್ಕೇ ಹೊಳೆ ಬಂದದ್ ಗೊತ್ತಾಯ್ಲಿಲ್ಲೆ, ಎರಡ್ ಮನೆ ಹೋಯ್ತ್, ಮೇಲಿನವ್ರಿಗ್ ಹೇಳ್ತೆ ಅಂದ. ಇಲ್ಲೇ ನಿಂತ್ಕಂಡ್ ಹೇಳ್ದ. ಹೇಳಿ ಮೇಲೆ ಹತ್ತಿ ಕೈ ಬಿಟ್ಟ." ಅವನು ಕತ್ತಿ ಮಡಚಿ ಕಿಸೆಗೆ ಹಾಕಿದ. "ಹಾಂಗ್ ಹೇಳಿ ನನ್ನ್ ಹತ್ರವೇ ಹಗ್ಗ ಹಿಡಿಸ್ತ್ರಾ ಯಾರಾರೂ?"

ಸ್ವಾತಿಯ ಬೆರಳು ಇನ್ನೊಮ್ಮೆ ಬಟ್ಟಲು ಮಗುಚಿತು.

"ಕೇಣ್ ಇಲ್ಲಿ. ಆ ತುಂಡ್ ಹೋದ್ರೆ ಹಗ್ಗ ತನ್ನಿಂತಾನೆ ಹರ್ದದ್ದ್ ಅಂತ ಆತ್ತ್. ಯಾರೂ ಕೊಂದದ್ದಲ್ಲ. ನಿನ್ ತಮ್ಮ ಮನೆಗ್ ಬತ್ತ. ವಕೀಲ್ರನ್ನ ಇಟ್ಟದ್ ನಾನೇ ಅಲ್ದಾ? ಅಲ್ಲಿಂದ್ಲೇ ಕೆಳಗ್ ಹಾಕ್. ಆಮೇಲ್ ಮೆಲ್ಲ ಇಳಿ. ಕಿಟ್ಟಣ್ಣ ಬುತ್ತಿ ಮುಗ್ಸುದ್ರೊಳಗೆ ಹಳ್ಳ ಮುಟ್ವ."

ಇದನ್ನೇ ಅಲ್ಲವೇ ಅವಳು ಸ್ವಲ್ಪ ಹೊತ್ತಿನ ಹಿಂದೆ ಮಾಡಹೊರಟಿದ್ದು? ತುಂಡು ಮಾಯವಾಗಲಿ, ರತೀಶ ಮನೆಗೆ ಬರಲಿ ಎಂದು ಹಲ್ಲು ಹಾಕಿ ಬಿಚ್ಚಿದವಳು ಅವಳೇ. ಕೈ ಸಡಿಲಿಸಿದರೆ ಸಾಕಿತ್ತು. ಕಿಸೆಯಿಂದ ತೆಗೆದು ಅಂಗೈಯಲ್ಲಿ ಹಿಡಿದಳು. ಅವನು ಕೆಳಗಿನಿಂದ ಕೈ ಚಾಚಿದ.

ಕೊಟ್ಟ ಮೇಲೆ ಇವನು ತನ್ನನ್ನು ಇಳಿಯಲು ಬಿಡುತ್ತಾನೆಯೇ? ಇಷ್ಟೆಲ್ಲ ಹೇಳಿದ ಮೇಲೆ?

ಬಿಡುವವನು ಹೇಳುವುದಿಲ್ಲ.

ಅವಳು ತುಂಡನ್ನು ಮಳೆಮಾಪಕದ ಒಳಗೆ, ಬಟ್ಟಲುಗಳ ಪಕ್ಕದ ಸಂದಿಗೆ ತುರುಕಿದಳು. ಆಲಿಕೆಯನ್ನು ಕೂರಿಸಿ ತಿರುಪು ಬಿಗಿದಳು. ಡಿಸೆಂಬರಿನಲ್ಲಿ ಮಳೆ ತೋರಿಸಿದ ಯಂತ್ರವನ್ನು ಯಾರಾದರೂ ಬಿಚ್ಚಿ ನೋಡಲೇಬೇಕು. ತಾನು ಇರಲಿ, ಇಲ್ಲದಿರಲಿ.

"ಎಂತ ಮಾಡಿದೆ?" ಕೆಳಗಿನ ಸ್ವರ ಬದಲಾಗಿತ್ತು.

"ರತೀಶ ಉರುಟ್ ಮಾಡ್ತ ಸರ್." ಹೇಳಬಾರದಿತ್ತು. ಮಾತು ತಾನಾಗಿ ಬಂತು. "ಅದ್ ಚಪ್ಪಟೆ ಇತ್ತ್. ನಿಮ್ ಲೈಟರಿನ ಅಚ್ಚ್ ಇತ್ತ್ ಅದ್ರ ಮೇಲೆ."

ರವಿಚಂದ್ರ ಲೈಟರನ್ನು ತಿರುಗಿಸಿ ತಳ ನೋಡಿದ. ಹೆಬ್ಬೆರಳಿನಿಂದ ಒರೆಸಿದ.

ಆಗ ಅವನ ಕಿಸೆಯಲ್ಲಿ ಮೊಬೈಲು ಎರಡು ಸಲ ಕುಂಯ್ ಎಂದಿತು.

ಸ್ವಾತಿಗೆ ಆಗ ನೆನಪಾಯಿತು. ಜೋರು ಮಳೆ ಬಿದ್ದರೆ ಯಂತ್ರ ತಾನಾಗಿ ಮೆಸೇಜು ಕಳಿಸುತ್ತದೆ. ಆಫೀಸಿಗೆ ಮಾತ್ರವಲ್ಲ. ಕೇಂದ್ರದ ಉಸ್ತುವಾರಿ ರವಿಚಂದ್ರನಿಗೂ. ಆ ನಂಬರನ್ನು ಪೆಟ್ಟಿಗೆಗೆ ಹಾಕಿದ್ದು ಅವಳೇ, ಕಳೆದ ಮಳೆಗಾಲದ ಮೊದಲು. ಹೆದರಿಕೆಯಲ್ಲಿ ಅದು ತಲೆಯಿಂದಲೇ ಹಾರಿಹೋಗಿತ್ತು.

ಅವನು ಮೆಸೇಜು ಓದಿದ. ತಲೆ ಎತ್ತಿ ಆಕಾಶ ನೋಡಿದ. ಮಳೆಮಾಪಕ ನೋಡಿದ. ಅದರ ಮೇಲಿದ್ದ ಅವಳ ಕೈ ನೋಡಿದ.

"ಗಾಳಿಬರೆಯಂಗ್ ಭಾರೀ ಮಳೆ ಅಂಬ್ರ್," ಎಂದ. "ಹುಷಾರಿ ಇದ್ದೆ ಮರಾಯ್ತಿ."

ಮೊಬೈಲು ಕೈಯಲ್ಲಿರುವಾಗಲೇ ರಿಂಗಾಯಿತು. ಅವನು ಹೆಸರು ಓದಿ, ಅವಳಿಗೆ ಕಾಣುವಂತೆ ಪರದೆಯನ್ನು ಮೇಲಕ್ಕೆ ಹಿಡಿದ. ಆ ಎತ್ತರದಿಂದ ಏನೂ ಕಾಣುತ್ತಿರಲಿಲ್ಲ. ಕಿವಿಗಿಟ್ಟ.

"ಹಾಂ ಧನ್ಯಶ್ರೀ, ಹೇಳ್."

"ಧನ್ಯಾ!" ಸ್ವಾತಿ ಕಿರುಚಿದಳು. "ಧನ್ಯಾ, ಪೊಲೀಸ್ರಿಗ್..." ಅದೇ ಹೊತ್ತಿಗೆ ಕಮರಿಯಿಂದ ಗಾಳಿ ಎದ್ದು ಬಂದು ಅವಳ ಬಾಯಿಯ ಮಾತನ್ನು ಬೆನ್ನ ಹಿಂದಕ್ಕೆ ಎಸೆಯಿತು. ತಲೆಯ ಮೇಲಿನ ಮೂರು ಬಟ್ಟಲು ಹುಚ್ಚು ಹಿಡಿದಂತೆ ತಿರುಗಿದವು. ರವಿಚಂದ್ರ ಮೊಬೈಲಿಗೆ ಅಂಗೈ ಮರೆ ಮಾಡಿ, ಬೆನ್ನು ತಿರುಗಿಸಿ ನಿಂತ.

"ಯಂತ್ರ ಹಾಳಾದ್ದಲ್ಲ, ಸಮ ಇತ್ತ್," ಅವನು ಹೇಳುತ್ತಿದ್ದ. ಗಟ್ಟಿಯಾಗಿ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ. "ಇಲ್ಲಿ ಒಂದೇ ಸಮ ಹೊಡಿತಾ ಇತ್ತ್. ಗಾಳಿ ಶಬ್ದ ಕೇಣ್ತಾ? ಕಿಟ್ಟಣ್ಣ ಹಳ್ಳದ್ ಹತ್ರ ಇದ್ರ್, ಅಲ್ಲಿ ಒಂದ್ ಹನಿ ಬಿದ್ದಿರುಕಿಲ್ಲೆ, ನಿಂಗೇ ಗೊತ್ತಲ್ದಾ ಈ ಗುಡ್ಡೆ. ಹೌದ್, ದಾಖಲೆ ಮಾಡ್ಕೋ. ಸಮಯ ಹಾಕಿ ದಾಖಲೆ ಮಾಡ್ಕೋ."

ಆಚೆಯ ಮಾತು ಕೇಳಿಸಿಕೊಂಡ.

"ಸ್ವಾತಿಯಾ? ಕಂಬ ಹತ್ತಿದ್ಲ್. ಮಳೆ ನಿಂತ ಮೇಲ್ ಮಾಡುವ, ಕಬ್ಬಿಣ ಜಾರತ್ತ್, ಇಳಿ ಮರಾಯ್ತಿ ಅಂತ ಹೇಳಿ ಹೇಳಿ ಸಾಕಾಯ್ತ್. ಕೇಣುದೇ ಇಲ್ಲೆ."

ಅವನು ಮೊಬೈಲನ್ನು ಕಿಸೆಗೆ ಹಾಕಿದ. ಕತ್ತಿ ಹೊರಗೆ ತೆಗೆಯಲಿಲ್ಲ. ಈ ಸಲ ಕತ್ತಿಯ ಅಗತ್ಯವಿರಲಿಲ್ಲ, ಅವಳೇ ಸುರಿಸಿದ ಮಳೆಯಲ್ಲಿ ಕಬ್ಬಿಣ ಜಾರಿತೆಂದರೆ ಸಾಕಿತ್ತು. ಬಳೆಯ ಮುಂದೆ ಮೊಣಕಾಲೂರಿ ಕುಳಿತು, ಉಗುರಿನಿಂದ ಗಂಟನ್ನು ಬಿಚ್ಚತೊಡಗಿದ.

ನಾವುಂದದ ಕಡಲು ಬಿಸಿಲಲ್ಲಿ ಹೊಳೆಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಸ್ವಾತಿಯ ಸೊಂಟದ ಹಗ್ಗ ಮೆಲ್ಲನೆ ಸಡಿಲವಾಯಿತು.